ಇಲಿ ಕಡಿದ ಸ್ಪೀಕರ್ ವೈರ್: ನಾನೇ ಜೋಡಿಸಿದ ಅನುಭವ

ನಮ್ಮ ಮನೆ ದಾವಣಗೆರೆಯ ನಿಟುವಳ್ಳಿಯಲ್ಲಿ. ಹೋದ ತಿಂಗಳು ಅಪ್ಪಾಜಿ ಬೆಳಿಗ್ಗೆ ವಚನ ಕೇಳೋಕೆ ಕೂತರೆ ಎಡಗಡೆ ಸ್ಪೀಕರ್ ಕರಕರ ಅಂತ ಸದ್ದು ಮಾಡಿ ಸುಮ್ಮನಾಯಿತು. ವೈರ್ ಅಲ್ಲಾಡಿಸಿದರೆ ಮತ್ತೆ ಹಾಡುತ್ತೆ, ಬಿಟ್ಟರೆ ಇಲ್ಲ. ಬಲಗಡೆಯ ವೈರ್ ತಂದು ಇದೇ ಸ್ಪೀಕರ್‌ಗೆ ಹಾಕಿದೆ, ಚೆನ್ನಾಗಿಯೇ ಹಾಡಿತು. ಅಲ್ಲಿಗೆ ತೊಂದರೆ ವೈರ್‌ನದ್ದೇ ಅಂತ ಖಚಿತವಾಯಿತು.

ಮೊದಲು ಆಂಪ್ಲಿಫೈಯರ್ ಪ್ಲಗ್ ಕಿತ್ತೆ. ಇದನ್ನು ಮರೆಯಬೇಡಿ, ಎರಡು ಎಳೆ ಒಂದಕ್ಕೊಂದು ತಾಗಿದರೆ ಆಂಪ್ಲಿಫೈಯರೇ ಸುಟ್ಟುಹೋಗಬಹುದು. ಆಮೇಲೆ ವೈರನ್ನು ಬೆರಳಲ್ಲಿ ಹಿಡಿದು ಸವರಿಕೊಂಡು ಹೋದೆ. ಮಂಡಕ್ಕಿ ಚೀಲ ಇಡುವ ಮೂಲೆಯಲ್ಲಿ ಇಲಿ ಎರಡು ಕಡೆ ಕಡಿದಿತ್ತು.

ಅಂಗಡಿಯವರನ್ನು ಕೇಳಿದರೆ "ಟೇಪ್ ಸುತ್ತಿಬಿಡ್ರಿ ಅಣ್ಣ, ಸಾಕು" ಅಂದರು. ನನಗೆ ಅದು ಒಪ್ಪಲಿಲ್ಲ. ನಮ್ಮೂರಿನ ಏಪ್ರಿಲ್ ಬಿಸಿಲಿಗೆ ಟೇಪಿನ ಅಂಟು ಕರಗಿ ಜಾರುತ್ತೆ, ಒಳಗಿನ ಎಳೆ ಸಡಿಲ ಆಗುತ್ತೆ, ಮತ್ತೆ ಅದೇ ಕರಕರ. ಬೆಸುಗೆ ಹಾಕಲೇಬೇಕು ಅಂತ 25 ವ್ಯಾಟ್‌ನ ಸೋಲ್ಡರಿಂಗ್ ಐರನ್ ತೆಗೆದೆ.

ಕಡಿದ ಭಾಗ ಕತ್ತರಿಸಿ ಸಿಪ್ಪೆ ಬಿಡಿಸಿದರೆ ಒಳಗಿನ ತಾಮ್ರ ಕಪ್ಪಾಗಿತ್ತು. ಕಪ್ಪಾದ ತಾಮ್ರಕ್ಕೆ ಬೆಸುಗೆಯ ಸೀಸ (ಸೋಲ್ಡರ್) ಹಿಡಿಯಲ್ಲ, ಉಂಡೆಯಾಗಿ ಉರುಳಿ ಬೀಳುತ್ತೆ. ಇನ್ನೂ ಸ್ವಲ್ಪ, ಇನ್ನೂ ಸ್ವಲ್ಪ ಅಂತ ಹಿಂದಕ್ಕೆ ಕತ್ತರಿಸುತ್ತಾ ಹೋದೆ, ಸುಮಾರು ಒಂದು ಗೇಣು ಹೋದ ಮೇಲೆ ಕೆಂಪಗೆ ಹೊಳೆಯುವ ತಂತಿ ಸಿಕ್ಕಿತು. ವೈರ್ ಗಿಡ್ಡ ಆಯ್ತಲ್ಲ ಅಂತ ಜಿಪುಣತನ ಮಾಡಬಾರದು, ಅಷ್ಟೇ ದಪ್ಪದ ತುಂಡು ಸೇರಿಸಿದರಾಯ್ತು. ನನಗೆ ಅದರ ಅಗತ್ಯ ಬೀಳಲಿಲ್ಲ.

ಎರಡು ಎಳೆಗಳ ಜಾಯಿಂಟ್ ಅಕ್ಕಪಕ್ಕ ಬರಬಾರದು. ಅದಕ್ಕೆ ಒಂದು ತುದಿಯಲ್ಲಿ ಕೆಂಪು ಗೆರೆಯ ಎಳೆಯನ್ನು 3 ಸೆಂಟಿಮೀಟರ್ ಗಿಡ್ಡ ಮಾಡಿದೆ, ಎದುರಿನ ತುದಿಯಲ್ಲಿ ಗೆರೆ ಇಲ್ಲದ ಎಳೆಯನ್ನು. ಹೀಗೆ ಮಾಡಿದರೆ ಮೇಲಿನ ಕವಚ ಹರಿದರೂ ಎರಡೂ ತಾಗಲ್ಲ. ಹೀಟ್ ಶ್ರಿಂಕ್ ಸ್ಲೀವ್‌ಗಳನ್ನು (ಬಿಸಿ ಮಾಡಿದರೆ ಕುಗ್ಗುವ ಪ್ಲಾಸ್ಟಿಕ್ ಕೊಳವೆ) ಮೊದಲೇ ತೂರಿಸಿ ದೂರಕ್ಕೆ ಸರಿಸಿಟ್ಟೆ, ಬೆಸುಗೆ ಆದ ಮೇಲೆ ಅವು ಒಳಗೆ ಹೋಗಲ್ಲ. ಗೆರೆ ಇರುವ ಎಳೆಗೆ ಗೆರೆಯದ್ದೇ ಸೇರಿಸಿ ಹುರಿ ಹೊಸೆದಂತೆ ಬಿಗಿಯಾಗಿ ಹೊಸೆದೆ. ಐರನ್ ತುದಿಯನ್ನು ತಾಮ್ರಕ್ಕೆ ಕೆಳಗಿಂದ ಒತ್ತಿ, ಸೀಸವನ್ನು ಮೇಲಿಂದ ಮುಟ್ಟಿಸಿದೆ. ತಾಮ್ರ ಕಾದರೆ ಸೀಸ ತಾನಾಗಿ ಎಳೆಗಳ ಸಂದಿಯೊಳಗೆ ಇಳಿಯುತ್ತೆ, ನೋಡೋಕೇ ಖುಷಿ. ಆಮೇಲೆ ಸ್ಲೀವ್ ಎಳೆದು ಬಿಸಿ ಮಾಡಿದೆ, ಗಟ್ಟಿಯಾಗಿ ಕಚ್ಚಿಕೊಂಡಿತು.

ಸ್ಪೀಕರ್ ತುದಿ ಮಾತ್ರ ಸಿಕ್ಕಿಸಿ, ಇನ್ನೊಂದು ತುದಿಯಲ್ಲಿ ಮಲ್ಟಿಮೀಟರ್ ಹಿಡಿದರೆ 6 ಓಮ್ ಹತ್ತಿರ ತೋರಿಸಿತು, 8 ಓಮ್ ಸ್ಪೀಕರ್‌ಗೆ ಅದು ಸರಿ, ಮೀಟರ್‌ನಲ್ಲಿ ಸ್ವಲ್ಪ ಕಡಿಮೆಯೇ ಬರುತ್ತೆ. ಸೊನ್ನೆ ಬಂದಿದ್ದರೆ ಎಲ್ಲೋ ಶಾರ್ಟ್ ಇದೆ ಅಂತ. ಮೀಟರ್ ಇಲ್ಲದವರು 1.5 ವೋಲ್ಟ್‌ನ ಸೆಲ್ಲನ್ನು ಒಂದೇ ಕ್ಷಣ ಮುಟ್ಟಿಸಿ, ಸೆಲ್ಲಿನ ಪ್ಲಸ್ ಕೆಂಪು ಗೆರೆಯ ಎಳೆಗೆ. ಸ್ಪೀಕರ್ ಮುಂದೆ ಅದುರುವ ಕೋನ್ ಹೊರಗೆ ಉಬ್ಬಿದರೆ ಸರಿ, ಒಳಗೆ ಹೋದರೆ ಎಳೆ ಉಲ್ಟಾ ಆಗಿದೆ. ಉಲ್ಟಾ ಆದರೂ ಸ್ಪೀಕರ್ ಹಾಡುತ್ತೆ, ಆದರೆ ಎರಡೂ ಸೇರಿದಾಗ ತಬಲಾದ ದಪ್ಪ ಸದ್ದು ತೆಳ್ಳಗಾಗುತ್ತೆ.

ವೈರ್ ಈಗ ಗೋಡೆಯ ಮೇಲೆ ಕೇಸಿಂಗ್ ಪಟ್ಟಿಯೊಳಗೆ ಇದೆ. ಮಂಡಕ್ಕಿ ಸ್ಟೀಲ್ ಡಬ್ಬಿಗೆ ಹೋಯಿತು.