ಚಿಲ್ಟನ್ ಕೌಂಟಿಯಲ್ಲಿ ಸಿಗದ ಮುತ್ತಜ್ಜ

ಅಮೆರಿಕದ ಅಲಬಾಮಾದಲ್ಲಿ ನಮ್ಮ ನೆರೆಯ ಹಿರಿಯರೊಬ್ಬರ ವಂಶಾವಳಿ ಹುಡುಕುತ್ತಾ ಎರಡು ವಾರ ಒಂದೇ ಕಡೆ ಸಿಕ್ಕಿಕೊಂಡಿದ್ದೆ. 1880ರ ಜನಗಣತಿಯಲ್ಲಿ ಅವರ ಮುತ್ತಜ್ಜ ಚಿಲ್ಟನ್ ಕೌಂಟಿಯ (ಕೌಂಟಿ ಎಂದರೆ ನಮ್ಮ ಜಿಲ್ಲೆಯಂಥ ಆಡಳಿತ ವಿಭಾಗ) ರೈತ. 1870ರ ಗಣತಿಯಲ್ಲಿ ಆ ಕೌಂಟಿಯೇ ಇಲ್ಲ!

ಕೌಂಟಿಯ ಇತಿಹಾಸ ಓದಿದಾಗ ಗಂಟು ಬಿಚ್ಚಿತು. 1868ರಲ್ಲಿ ಅಟಾಗಾ, ಬಿಬ್, ಪೆರಿ, ಶೆಲ್ಬಿ ಕೌಂಟಿಗಳ ಭಾಗಗಳನ್ನು ಸೇರಿಸಿ ಇದನ್ನು ರಚಿಸಿದಾಗ ಇಟ್ಟ ಹೆಸರು ಬೇಕರ್. ಚಿಲ್ಟನ್ ಆದದ್ದು 1874ರಲ್ಲಿ. ಬೇಕರ್ ಎಂದು ಹುಡುಕಿದೆ, ಇಡೀ ಕುಟುಂಬ ಸಿಕ್ಕಿತು.

ಮುತ್ತಜ್ಜನ ಮದುವೆ ಮಾತ್ರ 1868ಕ್ಕಿಂತ ಹಿಂದಿನದು. ಗಡಿ ಬದಲಾದರೂ ಹಳೆಯ ದಾಖಲೆ ಪುಸ್ತಕಗಳು ಸಾಮಾನ್ಯವಾಗಿ ಮೂಲ ಕೌಂಟಿಯ ನ್ಯಾಯಾಲಯದಲ್ಲೇ ಉಳಿಯುತ್ತವೆ. ಅಟಾಗಾದ ಮದುವೆ ಪುಸ್ತಕದಲ್ಲಿ ಮುತ್ತಜ್ಜಿಯ ತವರಿನ ಮನೆತನದ ಹೆಸರೂ ದೊರೆಯಿತು. ಅದನ್ನು ಓದಿ ಹೇಳಿದಾಗ ಹಿರಿಯರು ಬಹಳ ಹೊತ್ತು ಮಾತನಾಡಲಿಲ್ಲ.