ತಾನನನ ಲೆಕ್ಕ ಹಾಕಿ ನೋಟಿಸಿಗೆ ಉತ್ತರ ಕೊಟ್ಟೆ

ನಿಮ್ಮ ಹಾಡಿನ ಸಾಲು ತಮ್ಮದನ್ನು ಹೋಲುತ್ತದೆ ಎಂದು ಇನ್ನೊಬ್ಬ ಗೀತರಚನೆಕಾರರು ನೋಟಿಸು ಕಳಿಸಿದರೆ ನಮ್ಮ ವಲಯದಲ್ಲಿ ಸಿಗುವುದು ಎರಡೇ ಸಲಹೆ. ಏನಾದರೂ ಕೊಟ್ಟು ಕೈತೊಳೆದುಕೊಳ್ಳಿ ಎಂಬುದು ಒಂದು. ಸಾಲು ಬದಲಿಸಿ ಮತ್ತೆ ಹಾಡಿಸಿ ಎಂಬುದು ಇನ್ನೊಂದು. ನಾನು ಎರಡನ್ನೂ ಮಾಡಲಿಲ್ಲ. ಸಾಲಿನ ಮಾತ್ರೆ (ಅಕ್ಷರ ಉಚ್ಚರಿಸಲು ಹಿಡಿಯುವ ಕಾಲದ ಅಳತೆ) ಎಣಿಸಿ ಒಂದು ಪಟ್ಟಿ ಮಾಡಿದೆ. ಕೇಳಿದವರೆಲ್ಲ ನಕ್ಕರು. ಕೋರ್ಟು ಕಚೇರಿಯ ಮಾತಿಗೆ ಛಂದಸ್ಸು ಹಿಡಿದುಕೊಂಡು ಹೋಗುವವನು ನೀನೊಬ್ಬನೇ ಎಂದು ಹಿರಿಯರೊಬ್ಬರು ಹೇಳಿದರು. ಕೆಲಸ ನಡೆದದ್ದು ಆ ಪಟ್ಟಿಯಿಂದಲೇ. ಅದಕ್ಕಾಗಿ ಬರೆಯುತ್ತಿದ್ದೇನೆ.

ನಿಜವಾದ ಸಾಲುಗಳನ್ನು ಇಲ್ಲಿ ಕೊಡುವಂತಿಲ್ಲ, ಎರಡೂ ಕಡೆಯವರು ಹಾಗೆಂದು ಒಪ್ಪಿದ್ದೇವೆ. ಅದೇ ಅಚ್ಚಿನ ಬೇರೆ ಸಾಲುಗಳನ್ನು ಕೊಡುತ್ತೇನೆ. ನನ್ನ ಪಲ್ಲವಿ ‘ತೀರದಲಿ ಕಾದಿಹೆನು ದೋಣಿ ಬರಲಿಲ್ಲ’ ಎಂದಿಟ್ಟುಕೊಳ್ಳಿ. ಅವರದು, ಮೂರು ವರ್ಷ ಮೊದಲೇ ಹೊರಬಂದದ್ದು, ‘ತೀರದಲಿ ನಿಂತಿಹೆನು ದೋಣಿ ಸುಳಿದಿಲ್ಲ’. ಓದಿದ ಯಾರಿಗಾದರೂ ಹುಬ್ಬು ಮೇಲೇರುತ್ತದೆ. ನನ್ನ ಹುಬ್ಬೂ ಏರಿತು. ಅವರ ಹಾಡನ್ನು ನಾನು ನೋಟಿಸು ಬರುವವರೆಗೆ ಕೇಳಿರಲಿಲ್ಲ, ಆದರೆ ‘ಕೇಳಿಲ್ಲ’ ಎಂಬುದನ್ನು ಸಾಬೀತು ಮಾಡುವುದು ಹೇಗೆ?

ಕೇಳಿದ ಮೊತ್ತ ಐದು ಲಕ್ಷ, ಜೊತೆಗೆ ಹಾಡಿನ ಕೆಳಗೆ ಅವರ ಹೆಸರು. ನನಗೆ ಈ ಹಾಡಿಗೆ ಒಪ್ಪಿಕೊಂಡ ಸಂಭಾವನೆ ಹದಿನೈದು ಸಾವಿರದ ಆಸುಪಾಸು, ಅದರಲ್ಲಿ ಕೈಗೆ ಬಂದದ್ದು ಅರ್ಧ. ಉಳಿದರ್ಧವನ್ನು ನಿರ್ಮಾಪಕರು ನೋಟಿಸು ಕಂಡ ಕೂಡಲೇ ತಡೆಹಿಡಿದರು. ಅಷ್ಟೇ ಅಲ್ಲ, ಐವತ್ತು ಸಾವಿರಕ್ಕೆ ಮುಗಿಸೋಣ, ಅದನ್ನು ನೀವೇ ಕೊಡಿ ಎಂದರು. ಒಪ್ಪಂದದಲ್ಲಿ ‘ಸಾಹಿತ್ಯದ ಸ್ವಂತಿಕೆಯ ಪೂರ್ಣ ಹೊಣೆ ಗೀತರಚನೆಕಾರರದು’ ಎಂಬ ಸಾಲು ಇತ್ತು. ಎಲ್ಲ ಒಪ್ಪಂದಗಳಲ್ಲೂ ಇರುತ್ತದೆ, ನಾವೆಲ್ಲ ಓದದೆ ಸಹಿ ಹಾಕುತ್ತೇವೆ. ಅಷ್ಟರಲ್ಲಿ ನೋಟಿಸು ಕಳಿಸಿದವರ ದೂರಿನ ಮೇಲೆ ಹಾಡು ಯೂಟ್ಯೂಬಿನಿಂದ ಇಳಿದಾಗಿತ್ತು.

ಮೊದಲು ಕೆಲಸಕ್ಕೆ ಬಾರದ್ದನ್ನು ಹೇಳುತ್ತೇನೆ. ಹಾಡು ಬರೆದು ಲಕೋಟೆಗೆ ಹಾಕಿ ನಮ್ಮದೇ ವಿಳಾಸಕ್ಕೆ ರಿಜಿಸ್ಟರ್ಡ್ ಅಂಚೆಯಲ್ಲಿ ಕಳಿಸಿ, ಬರೆದ ದಿನಾಂಕಕ್ಕೆ ಅಂಚೆಯ ಮುದ್ರೆಯೇ ಸಾಕ್ಷಿ ಎಂದು ಒಡೆಯದೆ ಇಡುತ್ತಿದ್ದ ಪದ್ಧತಿ ನಿಮಗೂ ಗೊತ್ತಿರಬಹುದು. ನನ್ನ ಕಪಾಟಿನಲ್ಲಿ ಅಂಥ ಲಕೋಟೆಗಳ ಒಂದು ಕಟ್ಟೇ ಇದೆ. ವಕೀಲರು ಒಂದನ್ನು ಎತ್ತಿ, ಅಂಟು ಬಿಟ್ಟ ಮೂಲೆಯನ್ನು ಉಗುರಿನಿಂದ ಎಬ್ಬಿಸಿ, ಏನೂ ಹೇಳದೆ ಮೇಜಿನ ಮೇಲಿಟ್ಟರು. ತೆರೆದ ಲಕೋಟೆಯನ್ನು ಕಳಿಸಿ ಆಮೇಲೆ ಹಾಳೆ ತುಂಬಿಸಬಹುದಲ್ಲ! ಖರ್ಚಾದ ಅಂಚೆ ಹಣವನ್ನು ಲೆಕ್ಕ ಹಾಕಲು ಹೋಗಲಿಲ್ಲ.

ಎರಡನೆಯದು ನೋಂದಣಿಯ ಭಯ. ಅವರ ಬಳಿ ಕಾಪಿರೈಟ್ ಕಚೇರಿಯ ಪ್ರಮಾಣಪತ್ರ ಇತ್ತು, ನನ್ನ ಬಳಿ ಇರಲಿಲ್ಲ. ಮುಗಿಯಿತು ಕಥೆ ಎಂದರು ಗೆಳೆಯರು. ಆದರೆ ಹಕ್ಕು ಹುಟ್ಟುವುದು ಬರೆದಾಗ, ನೋಂದಾಯಿಸಿದಾಗ ಅಲ್ಲ. ಸಾಹಿತ್ಯ ಕೃತಿಗೆ ಐನೂರು ರೂಪಾಯಿ ಶುಲ್ಕ ಕಟ್ಟಿ, ಆಕ್ಷೇಪಣೆಗೆ ಮೂವತ್ತು ದಿನ ಕಾದು, ಆಮೇಲೆ ಪರಿಶೀಲನೆ ಮುಗಿದು ಸಿಗುವ ಆ ಪತ್ರ ಮೇಲ್ನೋಟದ ಸಾಕ್ಷ್ಯ ಮಾತ್ರ. ಜಗತ್ತಿನ ಹಾಡುಗಳನ್ನೆಲ್ಲ ಹೋಲಿಸಿ ನೋಡಿ ಕೊಟ್ಟದ್ದಲ್ಲ. ಅವರು ಮೊದಲು ಬರೆದರು ಎಂಬುದನ್ನು ನಾನು ಅಲ್ಲಗಳೆಯುತ್ತಲೇ ಇರಲಿಲ್ಲ. ಹಾಗಾಗಿ ಆ ಪತ್ರಕ್ಕೆ ನನ್ನ ವಿಷಯದಲ್ಲಿ ಹೇಳಲು ಏನೂ ಇರಲಿಲ್ಲ.

ಮೂರನೆಯದು ‘ನಾಲ್ಕು ಪದದವರೆಗೆ ಪರವಾಗಿಲ್ಲ’ ಎಂಬ ನಂಬಿಕೆ. 1957ರ ಕಾಪಿರೈಟ್ ಕಾಯ್ದೆಯಲ್ಲಿ ಅಂಥ ಲೆಕ್ಕ ಎಲ್ಲೂ ಇಲ್ಲ. ಒಂದೇ ಸಾಲಾದರೂ ಅದು ಹಾಡಿನ ಜೀವಾಳವಾಗಿದ್ದರೆ ತೊಂದರೆಯೇ. ಪಲ್ಲವಿ ಅಲ್ಲದೆ ಇನ್ನೇನು ಜೀವಾಳ? ಒಂದೇ ಸಾಲಲ್ಲವೇ ಎಂಬ ವಾದವನ್ನು ವಕೀಲರು ಮೊದಲ ದಿನವೇ ಕಿತ್ತೆಸೆದರು.

ದಾರಿ ಸಿಕ್ಕಿದ್ದು ಧಾಟಿಯಲ್ಲಿ. ಸಂಗೀತ ನಿರ್ದೇಶಕರು ಪದ ಕೂರಿಸಲೆಂದು ನನಗೆ ವಾಟ್ಸ್ಯಾಪಿನಲ್ಲಿ ಕಳಿಸಿದ್ದ ಗುನುಗು ನನ್ನ ಬಳಿ ಹಾಗೆಯೇ ಇತ್ತು. ‘ತಾನನನ ತಾನನನ ತಾನನನ ತಾನ’. ಐದು, ಐದು, ಐದು, ಮೂರು. ಹದಿನೆಂಟು ಮಾತ್ರೆ, ಪ್ರತಿ ಗಣಕ್ಕೂ, ಅಂದರೆ ಮಾತ್ರೆಗಳ ಗುಂಪಿಗೂ, ಮೊದಲು ಗುರು (ಎರಡು ಮಾತ್ರೆಯ ಅಕ್ಷರ), ಉಳಿದದ್ದು ಲಘು (ಒಂದು ಮಾತ್ರೆಯದು). ಸನ್ನಿವೇಶ ಸಮುದ್ರದಂಡೆ, ಬಾರದ ಪ್ರಿಯ. ಈಗ ನೀವೇ ಕೂತು ಬರೆಯಿರಿ. ಕಡಲು, ಸಮುದ್ರ ಎರಡೂ ಲಘುವಿನಿಂದ ಶುರುವಾಗುತ್ತವೆ, ‘ತಾ’ ಎಂಬ ಎಳೆತದ ಮೇಲೆ ಕೂರುವುದಿಲ್ಲ. ‘ತೀರದಲಿ’ ಕೂರುತ್ತದೆ, ‘ದಂಡೆಯಲಿ’ ಕೂರುತ್ತದೆ, ‘ಸಾಗರದ’ ಕೂರುತ್ತದೆ, ಆಮೇಲೆ ತಲೆ ಕೆರೆದುಕೊಳ್ಳಬೇಕು. ಎರಡನೆಯ ಗಣಕ್ಕೆ ‘ಕಾದಿದ್ದೇನೆ’ ಎಂದರೆ ಏಳು ಮಾತ್ರೆ. ‘ನಿಂತಿದ್ದೇನೆ’ ಎಂದರೂ ಏಳು. ಆದ್ದರಿಂದ ‘ಇಹೆನು’ ಬಂತು, ಅವರಿಗೂ ನನಗೂ. ಮೂರನೆಯ ಗಣದಲ್ಲಿ ಹಡಗು ಕೂರದು. ನಾವೆ, ನೌಕೆ ಕೂರುತ್ತವೆ, ಆದರೆ ಈ ಕಾಲದ ಹುಡುಗಿಯ ಬಾಯಲ್ಲಿ ನೌಕೆ ಎಂಬ ಪದ ಇಟ್ಟರೆ ಹಾಡುವವರೇ ನಗುತ್ತಾರೆ. ಉಳಿದದ್ದು ದೋಣಿ.

ಇದನ್ನೆಲ್ಲ ಪಟ್ಟಿ ಮಾಡಿದೆ. ಎಡಕ್ಕೆ ಗಣ, ಪಕ್ಕದಲ್ಲಿ ನನ್ನ ಪದ, ಅವರ ಪದ, ಆ ಜಾಗಕ್ಕೆ ಹೊಂದುವ ಬೇರೆ ಪದಗಳು, ಕೊನೆಗೆ ಆ ಪದ ಅಥವಾ ಚಿತ್ರ ಇದಕ್ಕೂ ಮೊದಲು ಎಲ್ಲಿ ಬಂದಿದೆ ಎಂಬುದು. ನದಿ, ದೋಣಿ, ದಾಟಿಸುವವನಿಗಾಗಿ ಮೊರೆ, ಇದು ನನ್ನದೂ ಅಲ್ಲ, ಅವರದೂ ಅಲ್ಲ. ಪುರಂದರದಾಸರು 16ನೇ ಶತಮಾನದಲ್ಲೇ ‘ಅಂಬಿಗ ನಾ ನಿನ್ನ ನಂಬಿದೆ’ ಎಂದು ಹಾಡಿ ಮುಗಿಸಿದ್ದಾರೆ. ಮೂರು ಬಣ್ಣ ಇಟ್ಟುಕೊಂಡೆ. ಧಾಟಿ ಒತ್ತಾಯಿಸಿದ್ದಕ್ಕೆ ಹಳದಿ, ಎಲ್ಲರ ಆಸ್ತಿಯಾದ ಮಾತಿಗೆ ಹಸಿರು, ಅವರದ್ದೇ ಎಂದು ಒಪ್ಪಬೇಕಾದದ್ದಕ್ಕೆ ಕೆಂಪು. ಚರಣಗಳಲ್ಲಿ ಕೆಂಪು ಎಲ್ಲೂ ಬರಲಿಲ್ಲ. ಅವರ ಚರಣ ಬಲೆ, ಮೀನು, ಹುಣ್ಣಿಮೆ ಎಂದು ಹೋಗುತ್ತದೆ. ನನ್ನದು ಲಾಂಚಿನ ಟಿಕೆಟ್ ಕೌಂಟರಿನಲ್ಲೇ ನಿಂತಿದೆ. ಪಲ್ಲವಿಯಲ್ಲಿ ಮಾತ್ರ ಒಂದು ಕಡೆ ಕೆಂಪು ಹಚ್ಚಿದೆ. ಮೊದಲು ಕಾಯುವಿಕೆ, ಕೊನೆಗೆ ‘ಇಲ್ಲ’ ಎಂಬ ಬೀಳು, ಆ ಅನುಕ್ರಮಕ್ಕೆ.

ಕೆಂಪನ್ನು ತೆಗೆದುಬಿಡಿ, ಬರವಣಿಗೆಯಲ್ಲಿ ಯಾಕೆ ಕೊಡುತ್ತೀರಿ ಎಂದು ವಕೀಲರು ಹಟ ಹಿಡಿದರು. ನಾನು ಬಿಡಲಿಲ್ಲ. ಎಲ್ಲವೂ ಹಳದಿ ಹಸಿರಾಗಿದ್ದರೆ ಎದುರಿನವರು ಮೊದಲ ನೋಟಕ್ಕೇ ಹರಿದುಹಾಕುತ್ತಾರೆ. ಅವರೂ ನನ್ನ ಹಾಗೆ ಮಾತ್ರೆ ಎಣಿಸುವವರೇ. ಕೊನೆಗೆ ಕೆಂಪಿನ ಪಕ್ಕದಲ್ಲೇ ವಕೀಲರು ಒಂದು ಸಾಲು ಸೇರಿಸಿದರು: ಅನುಕ್ರಮ ಎಂಬುದು ಭಾವ, ಅಭಿವ್ಯಕ್ತಿ ಅಲ್ಲ. ಅವರು ಆಧರಿಸಿದ್ದು 1978ರ ಆರ್.ಜಿ. ಆನಂದ್ ಪ್ರಕರಣದ ಸುಪ್ರೀಂ ಕೋರ್ಟ್ ತೀರ್ಪನ್ನು. ವಸ್ತುವಿಗೆ, ಕಲ್ಪನೆಗೆ ಹಕ್ಕು ಇಲ್ಲ. ಎರಡನ್ನೂ ಪೂರ್ತಿ ನೋಡಿದವನಿಗೆ ಇದು ಅದರ ನಕಲೇ ಎಂಬ ನಿಸ್ಸಂದೇಹದ ಅನಿಸಿಕೆ ಬರುತ್ತದೆಯೇ ಎಂಬುದು ಪ್ರಶ್ನೆ.

ನಡುವೆ ಒಂದು ತಮಾಷೆ ಮಾಡಿ ನೋಡಿದೆ. ಅದೇ ಗುನುಗನ್ನು, ಅದೇ ಸನ್ನಿವೇಶವನ್ನು ಅರ್ಧ ಡಜನ್ ಪರಿಚಿತರಿಗೆ ಕೊಟ್ಟು ಪಲ್ಲವಿ ಬರೆಯಲು ಹೇಳಿದೆ. ಒಬ್ಬರು ಶಾಲಾ ಮಾಸ್ತರರು, ಒಬ್ಬರು ಬ್ಯಾಂಕಿನವರು, ಒಬ್ಬ ಹುಡುಗ ಈಗಷ್ಟೇ ಬರೆಯಲು ಶುರುಮಾಡಿದವನು. ಸುಮಾರು ಅರ್ಧದಷ್ಟು ಜನ ‘ತೀರದಲಿ’ ಎಂದೇ ಶುರುಮಾಡಿದರು, ಒಬ್ಬರಂತೂ ದೋಣಿಯನ್ನೂ ತಂದು ಕಟ್ಟಿದರು. ಎರಡೂ ಹಾಡುಗಳನ್ನು ಅವರು ಕೇಳಿರಲಿಲ್ಲ. ಮೊಬೈಲಿನ ಕೃತಕ ಬುದ್ಧಿಮತ್ತೆಗೂ ಕೊಟ್ಟೆ. ಅದು ಕನಸು, ಮನಸು, ನೆನಪು ಎಂದು ಸುರಿಸಿತು, ಐದು ಮಾತ್ರೆಯ ಗಣವನ್ನು ಮಾತ್ರ ಒಮ್ಮೆಯೂ ಹಿಡಿಯಲಿಲ್ಲ. ಈ ಪ್ರಯೋಗ ಕೋರ್ಟಿನಲ್ಲಿ ನಿಲ್ಲುವಂಥದ್ದಲ್ಲ ಎಂದರು ವಕೀಲರು. ಆದರೂ ಪಟ್ಟಿಯ ಹಿಂದೆ ಪಿನ್ನು ಹೊಡೆದು ಸೇರಿಸಿದೆ.

ಆಟ ತಿರುಗಿದ್ದು ಇನ್ನೊಂದು ಕಡೆಯಿಂದ. ಎದುರಿನವರ ಸಾಲು ಲಘು ಗುರು ಸಮೇತ ನನ್ನ ಗುನುಗಿಗೆ ಕೂರುತ್ತಿತ್ತು. ಆದರೆ ಅವರು ಹೊರತಂದಿದ್ದ ಹಾಡಿನ ರಾಗ ಬೇರೆ, ಸಾಲು ಅದರಲ್ಲಿ ಅಲ್ಲಲ್ಲಿ ಎಳೆದಂತೆ ಕೇಳುತ್ತಿತ್ತು. ಅಂದರೆ ಸಾಲು ಮೊದಲು ಹುಟ್ಟಿದ್ದು ಬೇರೊಂದು ಧಾಟಿಗೆ. ಸಂಗೀತ ನಿರ್ದೇಶಕರನ್ನು ಕೂರಿಸಿಕೊಂಡು ಕೇಳಿದೆ. ಮೊದಲು ಮುಖ ತಿರುಗಿಸಿದರು. ಎರಡನೆಯ ಕಾಫಿಗೆ ಹೊರಬಿತ್ತು: ಕೆಲವು ವರ್ಷಗಳ ಹಿಂದೆ ಇದೇ ಗುನುಗನ್ನು ಎದುರಿನವರಿಗೂ ಕೊಟ್ಟಿದ್ದರು, ಆ ಚಿತ್ರ ನಿಂತುಹೋಗಿತ್ತು, ಧಾಟಿ ಮರಳಿ ಪೆಟ್ಟಿಗೆ ಸೇರಿತ್ತು. ಒಂದೇ ಅಂಗಿಯನ್ನು ಇಬ್ಬರಿಗೆ ಹೊಲಿದು, ನಿಮ್ಮಿಬ್ಬರ ಭುಜ ಒಂದೇ ಥರ ಇದೆಯಲ್ಲ ಎಂದರೆ ಹೇಗೆ?

ಆದರೆ ಇದೇ ನಮಗೆ ಕುತ್ತಾಗುವ ಸಂಭವವೂ ಇತ್ತು. ಅವರ ಸಾಲು ಸಂಗೀತ ನಿರ್ದೇಶಕರ ಮೂಲಕ ನನ್ನ ಕಿವಿಗೆ ಬಿದ್ದಿರಬಹುದಲ್ಲ? ನನಗೆ ಬಂದದ್ದು ಬರೀ ತಾನನನ, ಪದವಿಲ್ಲದ ಗುನುಗು ಎಂದು ತೋರಿಸಬೇಕಿತ್ತು. ಲಕೋಟೆ ಮಾಡದ ಕೆಲಸವನ್ನು ವಾಟ್ಸ್ಯಾಪ್ ಮಾಡಿತು. ಗುನುಗಿನ ಧ್ವನಿಮುದ್ರಿಕೆ, ಅದರ ದಿನಾಂಕ, ಅದಾದ ಮೇಲೆ ನಾನು ಇಮೇಲಿನಲ್ಲಿ ಕಳಿಸಿದ ನಾಲ್ಕೈದು ಕರಡುಗಳು. ಮೊದಲ ಕರಡು ‘ದಂಡೆಯಲಿ’ ಎಂದೇ ಶುರುವಾಗಿತ್ತು. ಮೂರನೆಯದಕ್ಕೆ ತೀರ ಬಂತು, ಅದೂ ಗಾಯಕಿ ‘ದಂಡೆ’ ಕಿವಿಗೆ ಒರಟು ಎಂದದ್ದರಿಂದ. ಹೊಡೆದು ಹಾಕಿದ ಪದಗಳ ಬೆಲೆ ಅವತ್ತು ತಿಳಿಯಿತು. ಇವನ್ನು ಸಾಕ್ಷ್ಯವಾಗಿ ಕೊಡುವಾಗ ಎಲೆಕ್ಟ್ರಾನಿಕ್ ದಾಖಲೆಗಳಿಗೆಂದೇ ಇರುವ, ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಮಾಣಪತ್ರ ಬೇಕು. ಹಳಬರಿಗೆ ಹಿಂದಿನ ಸಾಕ್ಷ್ಯ ಕಾಯ್ದೆಯ 65ಬಿ ಎಂದರೆ ಗೊತ್ತಾಗುತ್ತದೆ. ಬರೀ ಸ್ಕ್ರೀನ್‌ಶಾಟ್ ನಂಬಿ ಕೂರಬೇಡಿ, ಫೋನ್ ಬದಲಿಸುವ ಮೊದಲು ಬ್ಯಾಕಪ್ ತೆಗೆಯಿರಿ.

ಯೂಟ್ಯೂಬಿಗೆ, ದೂರನ್ನು ಅಲ್ಲಗಳೆಯುವ ಕೌಂಟರ್ ನೋಟಿಫಿಕೇಶನ್ ಹಾಕಿದೆವು. ಅದಾದ ಮೇಲೆ ದೂರು ಕೊಟ್ಟವರು ಹತ್ತು ಕೆಲಸದ ದಿನಗಳೊಳಗೆ ಕೋರ್ಟಿಗೆ ಹೋದ ದಾಖಲೆ ತೋರಿಸಬೇಕು. ನೋಟಿಸಿಗೆ ಉತ್ತರ, ಪಟ್ಟಿ, ಕರಡುಗಳು ಒಟ್ಟಿಗೆ ಹೋದವು. ಆಧಾರವಿಲ್ಲದ ಬೆದರಿಕೆಯ ವಿರುದ್ಧ ನಾವೇ ದಾವೆ ಹೂಡಬಹುದಾದ, ಕಾಪಿರೈಟ್ ಕಾಯ್ದೆಯ 60ನೇ ಕಲಮನ್ನೂ ಮೃದುವಾಗಿ ನೆನಪಿಸಿದ್ದೆವು. ಉತ್ತರದ ಕೊನೆಯ ಪ್ಯಾರಾ ನನ್ನದು, ಅದನ್ನು ಇಲ್ಲಿ ಹೇಳುವುದಿಲ್ಲ, ಇನ್ನೂ ಬಳಸುವುದಿದೆ. ಹತ್ತು ದಿನ ಕಳೆಯುವ ಮೊದಲೇ ಅವರ ಕಡೆಯಿಂದ ಫೋನು ಬಂತು. ಮಾತಾಡಿದವರು ವಕೀಲರಲ್ಲ, ಖುದ್ದು ಅವರೇ. ಕೆಂಪು ಬಣ್ಣದ ಬಗ್ಗೆಯೇ ಮೊದಲು ಕೇಳಿದರು. ಆಮೇಲೆ ಇಬ್ಬರೂ ಸೇರಿ ಸಂಗೀತ ನಿರ್ದೇಶಕರನ್ನು ಬೈದೆವು. ದೂರು ಹಿಂದಕ್ಕೆ ಹೋಯಿತು, ಹಾಡು ಮರಳಿ ಬಂತು. ಐದು ಲಕ್ಷ ಸೊನ್ನೆಯಾಯಿತು.

ಖರ್ಚು? ವಕೀಲರಿಗೆ ಹನ್ನೆರಡು ಹದಿಮೂರು ಸಾವಿರ, ಪ್ರಮಾಣಪತ್ರ, ಮುದ್ರಣ, ಓಡಾಟ ಸೇರಿ ಹದಿನೆಂಟಕ್ಕೆ ಹತ್ತಿರ. ತಡೆಹಿಡಿದ ಅರ್ಧ ಸಂಭಾವನೆ ಆರೆಂಟು ತಿಂಗಳ ಮೇಲೆ ಬಂತು. ಹಾಡಿನ ಲೆಕ್ಕದಲ್ಲಿ ನಷ್ಟವೇ. ಈಗ ಎರಡು ಸಾವಿರಕ್ಕೆ ಒಂದರಂತೆ ಬೇರೆಯವರ ಹಾಡುಗಳಿಗೂ ಬಿಡುಗಡೆಗೆ ಮೊದಲೇ ಪಟ್ಟಿ ಮಾಡಿಕೊಡುತ್ತಿದ್ದೇನೆ. ನಕ್ಕಿದ್ದ ಹಿರಿಯರೂ ಒಂದು ಮಾಡಿಸಿಕೊಂಡರು. ಅವರಿಂದ ಹಣ ತೆಗೆದುಕೊಂಡೆ.

ಪಟ್ಟಿಗಾಗಿ, ಸಾಲು ಮೊದಲೇ ಎಲ್ಲಾದರೂ ಬಂದಿದೆಯೇ ಎಂದು ಹುಡುಕುವಾಗ ಪೂರ್ತಿ ಸಾಲು ಹಾಕಿದರೆ ಏನೂ ಸಿಗದು. ‘ತೀರದಲಿ’, ‘ತೀರದಲ್ಲಿ’, ‘ತೀರದೊಳು’ ಬೇರೆ ಬೇರೆಯಾಗಿ ನೋಡಬೇಕು. ಸಾಲಿನ ಉತ್ತರಾರ್ಧವನ್ನು ಮಾತ್ರ ಹಾಕಿ ನೋಡಬೇಕು. ರೋಮನ್ ಅಕ್ಷರದಲ್ಲಿ ಬರೆದವರದು ಇನ್ನೊಂದು ರಗಳೆ, ‘ತ’ಕ್ಕೆ ಒಬ್ಬರು ಬರೀ ಟಿ ಹಾಕುತ್ತಾರೆ, ಇನ್ನೊಬ್ಬರು ಟಿಎಚ್. ಇದಕ್ಕೆ ನನ್ನ ಬಳಿ ಒಂದು ಸುಲಭದ ಕೀಲಿ ಇದೆ, ಅದು ಎರಡು ಸಾವಿರದಲ್ಲಿ ಸೇರಿದೆ. ಹಸಿರು ಬಣ್ಣ ಹಚ್ಚುವಾಗ ಮಾತ್ರ ಹುಷಾರು. ಹಳೆಯದೆಲ್ಲ ಊರ ಆಸ್ತಿಯಲ್ಲ. ಕವಿ ತೀರಿಕೊಂಡ ವರ್ಷ ಮುಗಿದ ಮೇಲೆ ಅರವತ್ತು ವರ್ಷ ಹಕ್ಕು ಇರುತ್ತದೆ. ಬಿಎಂಶ್ರೀ ತೀರಿದ್ದು 1946ರಲ್ಲಿ, ಅವರ ಕವಿತೆ 2006ರ ಕೊನೆಗೆ ಬಿಡುಗಡೆಯಾಯಿತು. ಬೇಂದ್ರೆಯವರು ತೀರಿದ್ದು 1981ರಲ್ಲಿ, 2041 ಮುಗಿಯುವವರೆಗೆ ಅನುಮತಿ ಬೇಕು. ಜನಪದ ಗೀತೆಗೆ ಒಡೆಯರಿಲ್ಲ, ಆದರೆ ಅದಕ್ಕೆ ಯಾರೋ ಕಟ್ಟಿ ಸೇರಿಸಿದ ಹೊಸ ಚರಣಕ್ಕೆ ಇರುತ್ತಾರೆ.

ಒಪ್ಪಂದದ ಆ ಹೊಣೆಯ ಸಾಲನ್ನು ಈಗ ‘ಪಡೆದ ಸಂಭಾವನೆಯ ಮಿತಿಯಲ್ಲಿ’ ಎಂದು ತಿದ್ದಿಸಿಯೇ ಸಹಿ ಹಾಕುತ್ತೇನೆ. ಮೂವರಲ್ಲಿ ಇಬ್ಬರು ಗೊಣಗಿ ಒಪ್ಪುತ್ತಾರೆ. ಧಾಟಿ ಕಳಿಸುವವರಿಗೂ ಒಂದು ಷರತ್ತು ಇದೆ: ಈ ಗುನುಗು ಇದಕ್ಕೆ ಮೊದಲು ಯಾರ ಕೈಗೆ ಹೋಗಿತ್ತು ಎಂದು ಬರೆದು ಕಳಿಸಬೇಕು. ತಾನನನ ತಾನ ಈಗ ಮೂರನೆಯವರೊಬ್ಬರ ಕೈ ಸೇರಿದೆಯೆಂದು ಸ್ಟುಡಿಯೋದಲ್ಲಿ ಕೇಳಿದೆ. ಅವರು ಯಾರೇ ಆಗಲಿ, ಬೇಕಿದ್ದರೆ ಪಟ್ಟಿಯ ಪ್ರತಿ ಕೊಡುತ್ತೇನೆ. ಝೆರಾಕ್ಸ್ ಖರ್ಚು ಅವರದು.