ಹೊಸ ಪಿಎಸ್‌ಐಗಳಿಗೆ: ಠಾಣೆಯ ದಿನದ ಕೆಲಸದಲ್ಲಿ ಪ್ರಾಮಾಣಿಕತೆ ರೂಢಿಸಿಕೊಳ್ಳುವ ಬಗೆ

ಅಕಾಡೆಮಿಯಿಂದ ಠಾಣೆಗೆ ಬಂದ ಹೊಸ ಪಿಎಸ್‌ಐ ಎದುರು ಮೊದಲ ವಾರವೇ ಯಾರೂ ನೋಟಿನ ಕಂತೆ ಇಡುವುದಿಲ್ಲ. "ಸರ್, ಬೈಕ್ ಕಳ್ಳತನಕ್ಕೆ ಈಗಲೇ ಎಫ್‌ಐಆರ್ ಬೇಡ, ನಾಲ್ಕು ದಿನ ಅರ್ಜಿಯಲ್ಲೇ ಇರಲಿ" ಎಂದು ಠಾಣೆಯ ಬರಹದ ಕೆಲಸ ನೋಡುವ ರೈಟರ್ ಹೇಳುತ್ತಾರೆ. ಮಹಜರು (ಸ್ಥಳದಲ್ಲಿ ಕಂಡದ್ದು, ಜಪ್ತಿಯಾದದ್ದರ ದಾಖಲೆ) ಬರೆಯುವ ಮೊದಲೇ ಪಂಚರ, ಅಂದರೆ ಅದರ ಸಾಕ್ಷಿಗಳ, ಸಹಿ ಬಿದ್ದ ಖಾಲಿ ಹಾಳೆ ಟೇಬಲ್ಲಿಗೆ ಬರುತ್ತದೆ. "ಇಲ್ಲಿ ಮೊದಲಿಂದ ಹೀಗೇ ನಡೆಯೋದು" ಎಂದು ಹಳಬರು ಅನ್ನುತ್ತಾರೆ. ಅಧಿಕಾರಿಯ ಗುಣ ಕೆಡುವುದೂ ಗಟ್ಟಿಯಾಗುವುದೂ ಇಂಥ ಜಾಗದಲ್ಲೇ.

ಹದಿನಾರು ಗಂಟೆ ಡ್ಯೂಟಿ ಮುಗಿಸಿ ರಾತ್ರಿ ಎರಡಕ್ಕೆ ಕೂತಾಗ ತರಬೇತಿಯಲ್ಲಿ ಕೇಳಿದ ಭಾಷಣ ನೆನಪಿಗೆ ಬರುವುದಿಲ್ಲ. ಕೈಗೆ ಕೂತ ಅಭ್ಯಾಸ ಮಾತ್ರ ಆಗ ನೆರವಿಗೆ ಬರುತ್ತದೆ. ಅಂಥ ಅಭ್ಯಾಸಗಳಿಗೆಲ್ಲ ಬುಡ ಒಂದೇ: ನಡೆದದ್ದನ್ನು ನಡೆದ ಹಾಗೆ, ನಡೆದ ಹೊತ್ತಿಗೇ ಬರೆಯುವುದು. ಆಮೇಲೆ ಬರೆಯೋಣ ಎಂದು ಬಿಟ್ಟ ಜಾಗದಲ್ಲಿ ಶಿಫಾರಸು, ದುಡ್ಡು, ಭಯ ಮೂರೂ ನುಗ್ಗುತ್ತವೆ.

ದಿನಚರಿಯಿಂದ ಶುರು ಮಾಡಿ

ಠಾಣಾ ದಿನಚರಿ, ಅಂದರೆ ಎಸ್‌ಎಚ್‌ಡಿ, ಸಂಜೆ ಕೂತು ಒಟ್ಟಿಗೆ ತುಂಬುವ ಪುಸ್ತಕವಾದರೆ ಅದರಲ್ಲಿ ಇರುವುದು ಊಹೆ. ಠಾಣೆಯಿಂದ ಹೊರಡುವಾಗ ಒಂದು ನಮೂದು, ಮರಳಿದಾಗ ಒಂದು. ಯಾರನ್ನು ಕರೆತಂದಿರಿ, ಎಷ್ಟು ಗಂಟೆಗೆ, ಯಾಕೆ, ಎಷ್ಟು ಗಂಟೆಗೆ ಕಳಿಸಿದಿರಿ ಎಂಬುದು ಅದರಲ್ಲಿರಬೇಕು. "ಸಂಜೆ ಸುಮಾರಿಗೆ" ಎಂದು ಬರೆಯಬೇಡಿ, 18.40 ಎಂದು ಬರೆಯಿರಿ. ತಪ್ಪಾದರೆ ಅಕ್ಷರ ಕಾಣುವ ಹಾಗೆ ಒಂದು ಗೆರೆ ಎಳೆದು, ಪಕ್ಕದಲ್ಲಿ ಸರಿಯಾದದ್ದನ್ನು ಬರೆದು, ಸಹಿ ಮತ್ತು ವೇಳೆ ಹಾಕಿ. ಎರಡು ನಮೂದುಗಳ ನಡುವೆ ಸಾಲು ಖಾಲಿ ಬಿಡುವ ಪದ್ಧತಿ ಇದ್ದರೆ ಬಂದ ದಿನವೇ ನಿಲ್ಲಿಸಿ. ಆ ಖಾಲಿ ಸಾಲನ್ನು ಮುಂದೆ ಯಾರೋ ತಮಗೆ ಬೇಕಾದ ಹಾಗೆ ತುಂಬುತ್ತಾರೆ.

ಕೇಸ್ ಡೈರಿಗೂ ಇದೇ ಮಾತು. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ (ಬಿಎನ್‌ಎಸ್‌ಎಸ್) ಕಲಂ 192ರ ಪ್ರಕಾರ ಮಾಹಿತಿ ಬಂದ ವೇಳೆ, ತನಿಖೆ ಆರಂಭಿಸಿ ಮುಗಿಸಿದ ವೇಳೆ, ಹೋದ ಜಾಗ, ಕಂಡುಬಂದ ಸಂಗತಿ ದಿನದಿನವೂ ದಾಖಲಾಗಬೇಕು. ಡೈರಿ ಪುಟಸಂಖ್ಯೆ ಹಾಕಿದ ಸಂಪುಟವಾಗಿರಬೇಕು. ಚಾರ್ಜ್‌ಶೀಟ್ ಹಾಕುವ ಹಿಂದಿನ ರಾತ್ರಿ ಮೂರು ತಿಂಗಳ ಡೈರಿ ಒಂದೇ ಪೆನ್ನಿನಲ್ಲಿ, ಒಂದೇ ಕೂರುವಿಕೆಯಲ್ಲಿ ಬರೆದರೆ ಸತ್ಯವಾಗಿ ನಡೆದ ತನಿಖೆಯೂ ಸುಳ್ಳಿನ ಹಾಗೆ ಕಾಣುತ್ತದೆ.

ದೂರು ಬಂದ ಕ್ಷಣ

ಸಂಜ್ಞೇಯ ಅಪರಾಧದ (ವಾರಂಟ್ ಇಲ್ಲದೆ ಪೊಲೀಸರು ಬಂಧಿಸಬಹುದಾದ ಅಪರಾಧ) ಮಾಹಿತಿ ಬಂದರೆ ಎಫ್‌ಐಆರ್ ದಾಖಲಿಸಲೇಬೇಕು ಎಂದು ಲಲಿತಾ ಕುಮಾರಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2013ರಲ್ಲೇ ಹೇಳಿದೆ. 2024ರ ಜುಲೈ 1ರಿಂದ ಜಾರಿಯಾದ ಬಿಎನ್‌ಎಸ್‌ಎಸ್‌ನ ಕಲಂ 173 ಇನ್ನೂ ಸ್ಪಷ್ಟ. ಕೃತ್ಯ ಯಾವ ಸರಹದ್ದಿನಲ್ಲಿ ನಡೆದಿದ್ದರೂ ಮಾಹಿತಿ ದಾಖಲಿಸಿಕೊಳ್ಳಬೇಕು. ಆನ್‌ಲೈನ್‌ನಲ್ಲಿ ಬಂದ ಮಾಹಿತಿಗೆ ದೂರುದಾರರು ಮೂರು ದಿನದೊಳಗೆ ಸಹಿ ಹಾಕಬೇಕು. ಎಫ್‌ಐಆರ್ ಪ್ರತಿ ಉಚಿತ. ಮೂರು ವರ್ಷ ಅಥವಾ ಅದಕ್ಕಿಂತ ಹೆಚ್ಚು, ಆದರೆ ಏಳು ವರ್ಷಕ್ಕಿಂತ ಕಡಿಮೆ ಶಿಕ್ಷೆಯ ಅಪರಾಧಗಳಲ್ಲಿ ಮಾತ್ರ ಡಿವೈಎಸ್ಪಿ ಅವರ ಪೂರ್ವಾನುಮತಿ ಪಡೆದು 14 ದಿನದೊಳಗೆ ಪ್ರಾಥಮಿಕ ವಿಚಾರಣೆ ನಡೆಸಬಹುದು. "ನಾಲ್ಕು ದಿನ ಅರ್ಜಿಯಲ್ಲಿಡೋಣ" ಎನ್ನುವುದಕ್ಕೆ ಕಾನೂನಿನಲ್ಲಿ ಜಾಗವೇ ಇಲ್ಲ.

ಆದರೂ ಯಾಕೆ ನಡೆಯುತ್ತದೆ? ತಿಂಗಳ ಕ್ರೈಂ ಮೀಟಿಂಗ್‌ನಲ್ಲಿ ಪ್ರಕರಣಗಳ ಸಂಖ್ಯೆ ಏರಿದರೆ ಉತ್ತರ ಕೊಡಬೇಕಾದವರು ನೀವು. ಆ ಒತ್ತಡಕ್ಕೆ ಕಸಿದುಕೊಂಡ ಮೊಬೈಲ್ "ಕಳೆದುಹೋಗಿದೆ" ಆಗುತ್ತದೆ, ಸುಲಿಗೆ ಕಳ್ಳತನವಾಗುತ್ತದೆ. ಹೀಗೆ ಇಳಿಸಿ ಬರೆಯುವುದರಲ್ಲಿ ದುಡ್ಡು ಕೈ ಬದಲಾಗುವುದಿಲ್ಲ, ಹಾಗಾಗಿ ಬಹಳಷ್ಟು ಮಂದಿ ಇದನ್ನು ತಪ್ಪು ಎಂದೇ ಎಣಿಸುವುದಿಲ್ಲ. ಆದರೆ ಸುಳ್ಳು ಬರೆಯುವುದಕ್ಕೆ ಕೈ ಪಳಗುವುದು ಇಲ್ಲೇ. ಮೀಟಿಂಗ್‌ಗೆ ಹೋಗುವಾಗ ಸಂಖ್ಯೆಯ ಜೊತೆ ಕಾರಣವನ್ನೂ ಒಯ್ಯಿರಿ: ಯಾವ ಬೀಟ್‌ನಲ್ಲಿ, ಎಷ್ಟು ಹೊತ್ತಿಗೆ, ಏನು ಕ್ರಮ ತೆಗೆದುಕೊಂಡಿರಿ. ಸರಿಯಾಗಿ ದಾಖಲಾದ ಎಂಟು ಪ್ರಕರಣ ಕೈಲಿದ್ದರೆ ರಾತ್ರಿ ಗಸ್ತು ಎಲ್ಲಿ ಹೆಚ್ಚಿಸಬೇಕೆಂದು ತಿಳಿಯುತ್ತದೆ. ಮುಚ್ಚಿಟ್ಟರೆ ಕಳ್ಳನಿಗೇ ಅನುಕೂಲ.

ಲೈಂಗಿಕ ದೌರ್ಜನ್ಯ, ಆಸಿಡ್ ದಾಳಿ, ಮಾನವ ಕಳ್ಳಸಾಗಣೆಯಂಥ ಕೃತ್ಯಗಳ ಮಾಹಿತಿ ದಾಖಲಿಸದಿದ್ದರೆ ಭಾರತೀಯ ನ್ಯಾಯ ಸಂಹಿತೆಯ ಕಲಂ 199ರಡಿ ಅಧಿಕಾರಿಗೇ ಆರು ತಿಂಗಳಿಂದ ಎರಡು ವರ್ಷದವರೆಗೆ ಕಠಿಣ ಸಜೆ ಇದೆ. ಅಸಂಜ್ಞೇಯ ವಿಷಯವಾದರೆ ಎನ್‌ಸಿಆರ್ (ಅಸಂಜ್ಞೇಯ ವರದಿ) ಮಾಡಿ, ಹಿಂಬರಹ ಕೊಟ್ಟು, ಮ್ಯಾಜಿಸ್ಟ್ರೇಟರ ಬಳಿಗೆ ಹೋಗುವ ದಾರಿ ತಿಳಿಸಿ. ಬರಿಗೈಯಲ್ಲಿ ಯಾರನ್ನೂ ಕಳಿಸಬೇಡಿ.

ಸಿವಿಲ್ ವ್ಯಾಜ್ಯಗಳಲ್ಲಿ ಮೈಯೆಲ್ಲ ಕಣ್ಣಾಗಿರಬೇಕು. ನಿವೇಶನದ ಗಡಿ, ಬಾಡಿಗೆ ಬಾಕಿ, ಕೈಸಾಲ. ಠಾಣೆಯಲ್ಲಿ "ಸೆಟ್ಲ್‌ಮೆಂಟ್" ಮಾಡಿಸುವ ಚಟ ಹತ್ತುವುದು ಇಂಥವುಗಳಿಂದ. ಇಬ್ಬರನ್ನೂ ಕೂರಿಸಿ ಒಂದು ಮಾತು ಹೇಳಿದರೆ ಮುಗಿಯುತ್ತದೆ ಅನ್ನಿಸುತ್ತದೆ, ಮುಗಿದೂ ಬಿಡುತ್ತದೆ. ಮುಂದಿನ ಬಾರಿ ಅದೇ ಮಾತಿಗೆ ಒಬ್ಬರು ಬೆಲೆ ಕೇಳುತ್ತಾರೆ. ಹೊಡೆದಾಟ, ಬೆದರಿಕೆ, ಮೋಸದ ಅಂಶ ಇದ್ದರೆ ಅಷ್ಟಕ್ಕೆ ಕ್ರಮ ಕೈಗೊಳ್ಳಿ. ಉಳಿದದ್ದಕ್ಕೆ ಸಿವಿಲ್ ನ್ಯಾಯಾಲಯಕ್ಕೆ ಹೋಗಲು ಲಿಖಿತ ಹಿಂಬರಹ ಕೊಡಿ. ನಿಮ್ಮ ಟೇಬಲ್ ಎದುರು ದುಡ್ಡು ಎಣಿಸಲು, ಚೆಕ್ ಬರೆಯಲು ಬಿಡಲೇಬೇಡಿ.

ಮಹಜರು ಮತ್ತು ಮುದ್ದೆಮಾಲು (ಜಪ್ತಿ ಮಾಡಿದ ವಸ್ತುಗಳು)

ಅಧಿಕಾರಿಯ ಹೆಸರು ಉಳಿಯುವುದೂ ಅಳಿಯುವುದೂ ಬಹುಪಾಲು ಇಲ್ಲಿ. ಜೂಜು ಅಡ್ಡೆಯ ದಾಳಿಯನ್ನೇ ತೆಗೆದುಕೊಳ್ಳಿ. ಹೊರಡುವ ಮುನ್ನ ಪಂಚರ ಎದುರು ನಿಮ್ಮ ಮತ್ತು ಸಿಬ್ಬಂದಿಯ ಜೇಬು ಪರೀಕ್ಷಿಸಿ, ಯಾರ ಬಳಿ ಎಷ್ಟು ಸ್ವಂತ ಹಣವಿದೆ ಎಂದು ಮಹಜರಿನ ಮೊದಲ ಪ್ಯಾರಾದಲ್ಲೇ ಬರೆಯಿರಿ. ಅಡ್ಡೆಯಲ್ಲಿ ಸಿಕ್ಕ ಹಣವನ್ನು ಅಲ್ಲೇ, ಹಿಡಿದವರೂ ನೋಡುವ ಹಾಗೆ, ಗಟ್ಟಿಯಾಗಿ ಎಣಿಸಿ. "ನಗದು ರೂ. 24,900" ಎಂದಷ್ಟೇ ಬರೆದರೆ ಸಾಲದು. 500 ರೂಪಾಯಿಯ 43 ನೋಟು, 21,500, 200 ರೂಪಾಯಿಯ 17 ನೋಟು, 3,400, ಒಟ್ಟು 24,900. ಯಾರ ಜೇಬಿನದೆಷ್ಟು, ಅಖಾಡದಲ್ಲಿದ್ದದ್ದೆಷ್ಟು ಎಂಬುದು ಬೇರೆ ಬೇರೆ. ಕವರಿಗೆ ಹಾಕಿ, ಅರಗಿನ ಮೊಹರು ಒತ್ತಿ, ಪಂಚರ ಸಹಿಯಿರುವ ಚೀಟಿ ಅಂಟಿಸಿ. ಠಾಣೆಗೆ ಬಂದ ಮೇಲೆ ಎಣಿಸೋಣ ಎಂದು ಜೀಪಿನಲ್ಲಿ ಹಣ ಹಾಕಿಕೊಂಡು ಹೊರಟರೆ, ಒಂದು ರೂಪಾಯಿ ಹೋಗದಿದ್ದರೂ ನಿಮ್ಮ ಮಾತನ್ನು ನಂಬುವವರು ಇರುವುದಿಲ್ಲ. ಸಿಬ್ಬಂದಿಯಲ್ಲಿ ಒಬ್ಬರಿಗೆ ಆಸೆ ಹುಟ್ಟಿದರೆ ಅದಕ್ಕೆ ದಾರಿ ಮಾಡಿಕೊಟ್ಟವರೂ ನೀವೇ ಆಗುತ್ತೀರಿ.

ಒಡವೆಯಾದರೆ ಅಕ್ಕಸಾಲಿಗರನ್ನು ಕರೆಸಿ ತೂಗಿಸಿ. ಕಲ್ಲು, ಅರಗು ಸೇರಿದ ತೂಕ ಎಷ್ಟು, ಬಿಟ್ಟ ತೂಕ ಎಷ್ಟು, ಕೊಂಡಿ ಮುರಿದಿದೆಯೇ, ಮೇಲೆ ಅಕ್ಷರವಿದೆಯೇ ಎಂದು ಬರೆಯಿರಿ. ಶುದ್ಧತೆ ಪರೀಕ್ಷೆ ಆಗುವವರೆಗೆ "ಬಂಗಾರದಂತೆ ಕಾಣುವ ಹಳದಿ ಲೋಹ" ಎಂದು ಬರೆಯುವುದೇ ಸರಿ. ಮೊಬೈಲ್ ಆದರೆ ಐಎಂಇಐ ಸಂಖ್ಯೆ ಎರಡೂ ಇರಲಿ.

ಶೋಧ ಮತ್ತು ಜಪ್ತಿಯನ್ನು ಆಡಿಯೊ-ವಿಡಿಯೊ ಮಾಡುವುದು ಬಿಎನ್‌ಎಸ್‌ಎಸ್ ಕಲಂ 105ರಂತೆ ಈಗ ಕಡ್ಡಾಯ. ಪಟ್ಟಿ ತಯಾರಿಸುವುದೂ ಸಾಕ್ಷಿಗಳು ಸಹಿ ಹಾಕುವುದೂ ಚಿತ್ರೀಕರಣದಲ್ಲಿ ಇರಬೇಕು, ತಡಮಾಡದೆ ಮ್ಯಾಜಿಸ್ಟ್ರೇಟರಿಗೆ ಕಳಿಸಬೇಕು. ಬಾಗಿಲು ತೆರೆಯುವ ಮುಂಚೆಯೇ ಕ್ಯಾಮೆರಾ ಆನ್ ಮಾಡಿ, ಮೊಹರು ಒತ್ತುವವರೆಗೂ ನಿಲ್ಲಿಸಬೇಡಿ. ಎಲ್ಲ ಮುಗಿಸಿ ಇನ್ನೊಮ್ಮೆ ಅಭಿನಯಿಸಿ ತೆಗೆದ ವಿಡಿಯೊ ಸಾಕ್ಷ್ಯವಾಗುವುದಿಲ್ಲ, ನಾಟಕವಾಗುತ್ತದೆ. ಪಂಚರು ಆ ಪ್ರದೇಶದ ಸ್ವತಂತ್ರ ವ್ಯಕ್ತಿಗಳಾಗಿರಬೇಕು ಎಂದು ಕಲಂ 103 ಹೇಳುತ್ತದೆ. ಠಾಣೆ ಪಕ್ಕದ ಟೀ ಅಂಗಡಿಯವರೇ ಹತ್ತು ಮಹಜರಿಗೆ ಪಂಚರಾದರೆ ಪಾಟಿ ಸವಾಲಿನಲ್ಲಿ ಹತ್ತೂ ಬೀಳುತ್ತವೆ. ಪಿಎಫ್ (ಜಪ್ತಿ ವಸ್ತುಗಳ ಪ್ರಾಪರ್ಟಿ ಫಾರ್ಮ್) ನಮೂದು ಅಂದೇ ಆಗಲಿ. ವಾರಕ್ಕೊಮ್ಮೆ ರಿಜಿಸ್ಟರ್ ಹಿಡಿದು ಮುದ್ದೆಮಾಲು ಕೊಠಡಿಯಲ್ಲಿ ಐದು ವಸ್ತುಗಳನ್ನು ಯಾವುದೋ ಒಂದು ಪುಟದಿಂದ ಆರಿಸಿ ತಾಳೆ ನೋಡಿ. ಹತ್ತು ನಿಮಿಷದ ಕೆಲಸ.

ಕಸ್ಟಡಿಯಲ್ಲಿರುವವರು

ಬಂಧನ ಬೇಕೇ ಎಂಬ ಪ್ರಶ್ನೆ ಮೊದಲು. ಏಳು ವರ್ಷದವರೆಗಿನ ಶಿಕ್ಷೆಯ ಅಪರಾಧಗಳಲ್ಲಿ ಬಂಧನಕ್ಕೆ ಕಾರಣ ಬರೆಯಬೇಕು, ಬಂಧಿಸದಿದ್ದರೆ ಹಾಜರಾಗುವಂತೆ ಬಿಎನ್‌ಎಸ್‌ಎಸ್ ಕಲಂ 35(3)ರ ನೋಟಿಸ್ ಕೊಡಬೇಕು. ಮೂರು ವರ್ಷಕ್ಕಿಂತ ಕಡಿಮೆ ಶಿಕ್ಷೆಯ ಅಪರಾಧದಲ್ಲಿ 60 ದಾಟಿದವರನ್ನು ಅಥವಾ ಅಶಕ್ತರನ್ನು ಡಿವೈಎಸ್ಪಿ ಅನುಮತಿಯಿಲ್ಲದೆ ಬಂಧಿಸುವ ಹಾಗಿಲ್ಲ. ಮಹಿಳೆಯರು, 15ಕ್ಕಿಂತ ಕಿರಿಯರು, 60 ದಾಟಿದವರು, ಅಂಗವಿಕಲರು, ತೀವ್ರ ಕಾಯಿಲೆಯವರನ್ನು ಸಾಕ್ಷಿ ಹೇಳಿಕೆಗೆಂದು ಠಾಣೆಗೆ ಬರಹೇಳಬೇಡಿ, ನೀವೇ ಅವರ ಮನೆಗೆ ಹೋಗಿ. "ಸುಮ್ನೆ ವಿಚಾರಣೆಗೆ ಕರೆದಿದ್ದೀವಿ" ಎಂದು ಯಾವ ದಾಖಲೆಯೂ ಇಲ್ಲದೆ ರಾತ್ರಿಯಿಡೀ ಬೆಂಚಿನ ಮೇಲೆ ಕೂರಿಸಿಕೊಳ್ಳುವುದು ಅಕ್ರಮ ಬಂಧನ. ಮ್ಯಾಜಿಸ್ಟ್ರೇಟರ ಎದುರು ಹಾಜರುಪಡಿಸಬೇಕಾದ 24 ಗಂಟೆಯ ಲೆಕ್ಕ ಅರೆಸ್ಟ್ ಮೆಮೊಗೆ ಸಹಿ ಹಾಕಿದಾಗಲ್ಲ, ಅವರನ್ನು ಹಿಡಿದಿಟ್ಟುಕೊಂಡಾಗಲೇ ಶುರು.

ಹೊಡೆಯುವ ಆಸೆ ಎಲ್ಲಿಂದ ಬರುತ್ತದೆ ಎಂದು ಪ್ರಾಮಾಣಿಕವಾಗಿ ನೋಡಿಕೊಳ್ಳಿ. ರಿಕವರಿ ತೋರಿಸಬೇಕೆಂಬ ಒತ್ತಡ, ಸಂತ್ರಸ್ತರ ಕಣ್ಣೀರು ಕಂಡು ಬಂದ ಸಿಟ್ಟು, ಸುತ್ತ ನಿಂತ ಸಿಬ್ಬಂದಿಯ ನಿರೀಕ್ಷೆ. ಪೊಲೀಸರ ಮುಂದಿನ ತಪ್ಪೊಪ್ಪಿಗೆ ನ್ಯಾಯಾಲಯದಲ್ಲಿ ಆರೋಪಿಯ ವಿರುದ್ಧ ನಿಲ್ಲುವುದಿಲ್ಲ. ತಪ್ಪೊಪ್ಪಿಗೆಗಾಗಿ ಗಾಯಪಡಿಸಿದರೆ ನ್ಯಾಯ ಸಂಹಿತೆಯ ಕಲಂ 120ರಡಿ ಏಳು ವರ್ಷದವರೆಗೆ ಸಜೆ. ಸಿಟ್ಟು ನೆತ್ತಿಗೇರಿದ್ದು ಗೊತ್ತಾದ ಕೂಡಲೇ ಕೊಠಡಿಯಿಂದ ಹೊರಬಂದು ವಿಚಾರಣೆಯನ್ನು ಇನ್ನೊಬ್ಬರಿಗೆ ವಹಿಸಿ. ಆರೋಪಿಯ ಜೊತೆ ಒಬ್ಬರೇ ಇರಬೇಡಿ, ಸಿಸಿಟಿವಿ ಇಲ್ಲದ ಕೋಣೆಯಲ್ಲಿ ವಿಚಾರಣೆ ಬೇಡ. ಬಂಧನದ ವೇಳೆ ಪಾಲಿಸಬೇಕಾದ ಕ್ರಮದ ಬಗ್ಗೆ ಡಿ.ಕೆ. ಬಸು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ 1996ರ ನಿರ್ದೇಶನಗಳು ಈಗ ಬಹುಪಾಲು ಬಿಎನ್‌ಎಸ್‌ಎಸ್ ಒಳಗೇ ಇವೆ: ಹೆಸರುಪಟ್ಟಿ ಧರಿಸುವುದು, ಸಾಕ್ಷಿ ಸಹಿಯ ಅರೆಸ್ಟ್ ಮೆಮೊ, ಮನೆಯವರಿಗೆ ಸುದ್ದಿ, ವೈದ್ಯಕೀಯ ಪರೀಕ್ಷೆ, ವಕೀಲರ ಭೇಟಿ.

ಮಾತಿನ ವಿಚಾರವೂ ಸಣ್ಣದಲ್ಲ. ದೂರು ಕೊಡಲು ಬಂದ ಕೂಲಿಕಾರನಿಗೆ ಏಕವಚನ, ಕಾರಿನಲ್ಲಿ ಬಂದವರಿಗೆ ಬಹುವಚನ ಎಂಬ ಠಾಣೆಯಲ್ಲಿ ಕಾನೂನೂ ಎರಡು ಬಗೆಯಾಗುತ್ತದೆ. ಆರೋಪಿ ಸೇರಿ ಎಲ್ಲರಿಗೂ ಬಹುವಚನ ಎಂದು ನಿಯಮ ಮಾಡಿಕೊಳ್ಳಿ. ಸಾಹೇಬರು ಹೇಗೆ ಮಾತಾಡುತ್ತಾರೋ ಸೆಂಟ್ರಿಯೂ ಹಾಗೇ ಮಾತಾಡುತ್ತಾನೆ.

ದುಡ್ಡಿನ ಸಣ್ಣ ದಾರಿಗಳು

ಮಾಮೂಲು ದೊಡ್ಡದಾಗಿ ಬರುವ ಮೊದಲು ಹೋಟೆಲಿನ ಊಟವಾಗಿ, ಹಬ್ಬದ ಸಿಹಿ ಡಬ್ಬವಾಗಿ, ಜೀಪಿಗೆ ಹಾಕಿಸಿಕೊಟ್ಟ ಡೀಸೆಲ್ ಆಗಿ ಬರುತ್ತದೆ. ಸರಹದ್ದಿನ ಹೋಟೆಲ್‌ಗಳಲ್ಲಿ ಮೊದಲ ದಿನದಿಂದಲೇ ಬಿಲ್ ಕೊಡಿ. ತಿಂಗಳಾದ ಮೇಲೆ ಶುರು ಮಾಡುವುದು ಹತ್ತು ಪಟ್ಟು ಕಷ್ಟ. ಮಾಲೀಕರು ಬೇಡವೆಂದರೆ ಯುಪಿಐ ಮಾಡಿ ಹೊರಡಿ, ವಾದ ಬೇಡ. ಭ್ರಷ್ಟಾಚಾರ ತಡೆ ಕಾಯ್ದೆಯ ಕಲಂ 7ರಡಿ ಲಂಚಕ್ಕೆ ಮೂರರಿಂದ ಏಳು ವರ್ಷ ಸಜೆಯಿದೆ. ಡ್ರೈವರ್, ರೈಟರ್, ಹೋಂಗಾರ್ಡ್ ಮೂಲಕ ಪಡೆದರೂ ಪಡೆದ ಹಾಗೆಯೇ. ಯಾರಾದರೂ ನೇರವಾಗಿ ಕೊಡಲು ಬಂದರೆ ಮೇಜಿನ ಈಚೆಗೆ ಬರುವ ಮೊದಲೇ ಗಟ್ಟಿಯಾಗಿ, ಪಕ್ಕದವರಿಗೂ ಕೇಳುವ ಹಾಗೆ "ಇದನ್ನ ವಾಪಸ್ ಇಟ್ಕೊಳ್ಳಿ, ನಿಮ್ಮ ಕೆಲಸ ನಿಯಮದ ಪ್ರಕಾರ ಆಗುತ್ತೆ" ಎನ್ನಿ, ದಿನಚರಿಯಲ್ಲಿ ಬರೆಯಿರಿ. ನಗುತ್ತಾ "ಆಮೇಲೆ ನೋಡೋಣ" ಎಂದರೆ ಒಪ್ಪಿಕೊಂಡ ಹಾಗೆಯೇ ಅವರು ತಿಳಿಯುತ್ತಾರೆ.

ಠಾಣೆಯ ಖರ್ಚಿನ ನಿಜವನ್ನೂ ಹೇಳಬೇಕು. ಪ್ರಿಂಟರ್ ಕಾಗದ, ಅನಾಥ ಶವ ಸಾಗಣೆ, ಬೇರೆ ಜಿಲ್ಲೆಗೆ ಆರೋಪಿ ಹುಡುಕಿಕೊಂಡು ಹೋಗುವ ವೆಚ್ಚ ಕೈಯಿಂದ ಹೋಗುತ್ತದೆ, ದೂರುದಾರರಿಂದ ಕೇಳುವ ಚಾಳಿ ಅಲ್ಲಿಂದ ಹುಟ್ಟುತ್ತದೆ. ಪ್ರತಿ ಖರ್ಚಿಗೂ ರಸೀದಿ ಇಟ್ಟು ಆ ತಿಂಗಳೇ ಬಿಲ್ ಹಾಕಿ, ಟಿಎ (ಪ್ರಯಾಣ ಭತ್ಯೆ) ಬಾಕಿ ಬಿಡಬೇಡಿ, ಅನುದಾನ ಸಾಲದಿದ್ದರೆ ಮೇಲಧಿಕಾರಿಗೆ ಲಿಖಿತವಾಗಿ ಬೇಡಿಕೆ ಸಲ್ಲಿಸಿ. ಮನೆಯ ಲೆಕ್ಕವೂ ಇದರ ಭಾಗವೇ. ಸಂಬಳದ ಮೂರನೇ ಒಂದು ಪಾಲಿಗಿಂತ ಹೆಚ್ಚು ಸಾಲದ ಕಂತಿಗೆ ಹೋದರೆ ಅಧಿಕಾರಿ ಬಗ್ಗುವುದು ಸುಲಭ. ಸರಹದ್ದಿನ ವ್ಯಾಪಾರಿಗಳಿಂದ ಕೈಸಾಲ, ಅವರ ಚೀಟಿಯಲ್ಲಿ ಪಾಲು ಎರಡೂ ಬೇಡ. ಆಸ್ಪತ್ರೆ ಖರ್ಚಿಗೆ ಇಲಾಖೆಯ ಆರೋಗ್ಯ ಭಾಗ್ಯ ಯೋಜನೆ ಬಳಸಿ. ವರ್ಷದ ಆಸ್ತಿ ವಿವರವನ್ನು ಮನೆಯವರಿಗೂ ತೋರಿಸಿ ತುಂಬಿ.

ಮೇಲಿನ ಮಾತು, ಪಕ್ಕದವರ ತಪ್ಪು

ಫೋನಿನಲ್ಲಿ "ಆ ಹುಡುಗನ್ನ ಬಿಟ್ಬಿಡಿ" ಎಂಬ ಮಾತು ಬಂದಾಗ ಜಗಳವಾಡಬೇಕಿಲ್ಲ. "ಸರ್, ಎಫ್‌ಐಆರ್ ಆಗಿ ಕೋರ್ಟಿಗೆ ಹೋಗಿದೆ" ಎಂದು ನಿಜವಾಗಿಯೇ ಹೇಳುವ ಸ್ಥಿತಿಯಲ್ಲಿದ್ದರೆ ಸಾಕು. ಹೊತ್ತಿಗೆ ಸರಿಯಾಗಿ ಬರೆದ ದಾಖಲೆಗೆ ಇರುವ ಬಲ ಇದು. ಮೇಲಧಿಕಾರಿಯ ಸೂಚನೆ ಸಂಶಯಾಸ್ಪದವಾಗಿದ್ದರೆ "ಸರ್, ಒಂದು ಮೆಮೊ ಕೊಡಿಸಿ, ಹಾಗೇ ಮಾಡ್ತೀನಿ" ಎಂದು ವಿನಯದಿಂದ ಕೇಳಿ. ಸಿಗದಿದ್ದರೆ ಫೋನ್ ಬಂದ ವೇಳೆ, ಸೂಚನೆ, ನೀವು ಕೊಟ್ಟ ಉತ್ತರವನ್ನು ದಿನಚರಿಗೆ ಹಾಕಿ. ವರ್ಗಾವಣೆಯ ಬೆದರಿಕೆ ಬಂದೇ ಬರುತ್ತದೆ. ಕುಟುಂಬ, ಮಕ್ಕಳ ಶಾಲೆಯ ವಿಷಯ ಮೊದಲೇ ಮಾತಾಡಿಕೊಂಡವರಿಗೆ ಅದರ ಹೆದರಿಕೆ ಅರ್ಧವಾಗುತ್ತದೆ.

ಇದಕ್ಕಿಂತ ಕಷ್ಟದ್ದು ಜೊತೆಯವರ ತಪ್ಪು. ಒಳ್ಳೆಯ ಹೆಡ್ ಕಾನ್‌ಸ್ಟೆಬಲ್ ಒಂದು ಏಟು ಹೊಡೆದಿರುತ್ತಾರೆ, ಗಾಯಕ್ಕೆ "ಜಾರಿ ಬಿದ್ದದ್ದು" ಎಂದು ಬರೆಯಲು ನಿಮ್ಮನ್ನು ಕೇಳುತ್ತಾರೆ. ಬರೆದರೆ ಎರಡನೆಯ ಅಪರಾಧಿ ನೀವು. ಗಾಯಾಳುವನ್ನು ತಕ್ಷಣ ಆಸ್ಪತ್ರೆಗೆ ಕಳಿಸಿ, ಹೇಗಾಯಿತೆಂದು ವೈದ್ಯರಿಗೆ ಅವರೇ ಹೇಳಲು ಬಿಡಿ, ಮೇಲಧಿಕಾರಿಗೆ ಅದೇ ದಿನ ವರದಿ ಮಾಡಿ. ಕಸ್ಟಡಿಯಲ್ಲಿ ಸಾವಾದರೆ 24 ಗಂಟೆಯೊಳಗೆ ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗಕ್ಕೆ ತಿಳಿಸಬೇಕು, ಮ್ಯಾಜಿಸ್ಟ್ರೇಟ್ ವಿಚಾರಣೆ ನಡೆಯಲೇಬೇಕು. ಆ ಹೊತ್ತಿನಲ್ಲಿ ತಿದ್ದಿದ ಒಂದು ಸಾಲು ಇಡೀ ಠಾಣೆಯನ್ನು ಒಳಗೆ ಹಾಕುತ್ತದೆ.

ವರ್ಗಾವಣೆಯಾದಾಗ ಚಾರ್ಜ್ ಕೊಡುವುದಕ್ಕೆ ಪೂರ್ತಿ ಒಂದು ದಿನ ಇಟ್ಟುಕೊಳ್ಳಿ. ಮುದ್ದೆಮಾಲನ್ನು ಪಿಎಫ್ ಸಂಖ್ಯೆಯ ಪ್ರಕಾರ ಒಂದೊಂದಾಗಿ, ಶಸ್ತ್ರ ಮತ್ತು ಗುಂಡುಗಳನ್ನು ಎಣಿಸಿ, ಬಾಕಿ ತನಿಖೆಗಳ ಕಡತವನ್ನು ಈಚಿನ ಡೈರಿ ದಿನಾಂಕದ ಸಮೇತ ಒಪ್ಪಿಸಿ. ಸಿಗದ ವಸ್ತುವಿದ್ದರೆ ಪಟ್ಟಿಯಲ್ಲಿ "ಸಿಕ್ಕಿಲ್ಲ" ಎಂದೇ ಬರೆದು, ಇಬ್ಬರೂ ಸಹಿ ಹಾಕಿ, ಒಂದು ಪ್ರತಿ ನಿಮ್ಮ ಬಳಿ ಇಟ್ಟುಕೊಳ್ಳಿ. ಹೊಸ ಠಾಣೆಯಲ್ಲಿ ಚಾರ್ಜ್ ತೆಗೆದುಕೊಳ್ಳುವಾಗಲೂ ಇಷ್ಟನ್ನೂ ನೋಡದೆ ಸಹಿ ಹಾಕಬೇಡಿ.